ತಣ್ಣನೆ ಕೈಯ ಪಾಳಿ

13 ಫೆಬ್ರುವರಿ 2006, ಸೋಮವಾರ

ಐದು ಮನೆಗೆ ಹೋದೆ. ನಾಲ್ಕಕ್ಕೆ ಬೀಗ. ಬ್ಯಾಡಗಿಯಲ್ಲಿ ಈ ತಿಂಗಳು ಹೆಂಗಸರನ್ನು ಮನೆಯಲ್ಲಿ ಹುಡುಕುವುದು ದಡ್ಡತನ. ಆದರೂ ಮೊದಲು ಮನೆಗೇ ಹೋಗಬೇಕು, ಬೀಗ ನೋಡಬೇಕು, ಆಮೇಲೆ ಗೋದಾಮಿಗೆ ನಡೆಯಬೇಕು. ನನ್ನ ನೇಮಕದ ಆರ್ಡರಿನಲ್ಲಿ "ಮನೆ ಆರೈಕೆ" ಅಂತ ಇದೆಯಲ್ಲ! ನಡೆಯಲಾಗದ ಹನ್ನೊಂದು ಮಕ್ಕಳ ಆರೈಕೆಯನ್ನು ಪುರಸಭೆಯವರು ಈ ವರ್ಷ ಟೆಂಡರ್ ಕರೆದು ರಾಣೆಬೆನ್ನೂರಿನ ಒಂದು ಸಂಸ್ಥೆಗೆ ವಹಿಸಿಕೊಟ್ಟರು. ಮಕ್ಕಳ ಜೊತೆಗೆ ನನ್ನನ್ನೂ.

ನಾಲ್ವರಲ್ಲಿ ಇಬ್ಬರು ಅಂದಾನೆಪ್ಪನವರ ಗೋದಾಮಿನಲ್ಲಿ ಸಿಕ್ಕರು. ಕೆಂಪು ಗುಡ್ಡೆಗಳ ನಡುವೆ ಅರವತ್ತು ಹೆಂಗಸರು, ಮೂಗಿಗೆ ಸೆರಗು ಕಟ್ಟಿಕೊಂಡು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಸಕೀನಾಬಿ ಮಗಳನ್ನು ಹೊರಗೆ ಬೇವಿನ ಮರದ ಕೆಳಗೆ ಗೋಣಿಚೀಲದ ಮೇಲೆ ಮಲಗಿಸಿದ್ದಳು. ಸಿಮ್ರಾನ, ಆರು ವರ್ಷ. ಹುಟ್ಟಿದಾಗಿನಿಂದ ಎರಡೂ ಕಾಲು ಬಿಗಿ. ಬಾಯಿ ಮಾತ್ರ ಸಡಿಲ.

"ಬಂದ್ರಪಾ ಕಾಲ್ ಎಳಿಯೋ ಅಕ್ಕಾರು!"

ಅರ್ಧ ಗಂಟೆ ಎಳೆದೆ, ಬಗ್ಗಿಸಿದೆ, ನಿಲ್ಲಿಸಿದೆ. ಹಿಮ್ಮಡಿ ನೆಲದಿಂದ ಎರಡು ಬೆರಳು ಮೇಲೆ. ದೀಪಾವಳಿಯಲ್ಲಿ ಒಂದೂವರೆ ಇತ್ತು. ದಿನಾ ಎಳೆಯದಿದ್ದರೆ ಸ್ನಾಯು ಗಿಡ್ಡವಾಗುತ್ತದೆ, ಆಮೇಲೆ ಆಪರೇಷನ್ನೇ ದಾರಿ ಎಂದು ಹಾವೇರಿ ಕ್ಯಾಂಪಿನಲ್ಲಿ ಡಾಕ್ಟರು ಹೇಳಿದ್ದಾರೆ. ನಾನು ಬರುವುದು ವಾರಕ್ಕೆರಡು ದಿನ. ಉಳಿದ ಐದು ದಿನ ತಾಯಿಯೇ ಮಾಡಿಸಬೇಕು.

ತಾಯಿಯ ಕೈಯಲ್ಲಿ ಬೆಂಕಿ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಅನ್ನುವವರು ಒಂದು ದಿನ ಕೂತು ಎರಡು ಚೀಲ ಬಿಡಿಸಿ ನೋಡಲಿ. ಸೋಪಿಗೆ ಹೋಗುವುದಿಲ್ಲ, ನೀರಿಗೆ ಹೋಗುವುದಿಲ್ಲ. ಸುಗ್ಗಿ ಮುಗಿಯುವವರೆಗೆ ಇಲ್ಲಿನ ತಾಯಂದಿರು ಮಕ್ಕಳನ್ನು ಮೊಣಕೈಯಲ್ಲೇ ಎತ್ತಿಕೊಳ್ಳುತ್ತಾರೆ.

15 ಫೆಬ್ರುವರಿ, ಬುಧವಾರ

ಹದಿನೈದು ದಿನದ ಫಾರ್ಮು ತುಂಬಿ ರಾಣೆಬೆನ್ನೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ.

ಪ್ರಶ್ನೆ ನಾಲ್ಕು: ತಾಯಿ ಪ್ರತಿದಿನ ಮಗುವಿಗೆ ಕೈಯಾರೆ ವ್ಯಾಯಾಮ ಮಾಡಿಸಿದ್ದಾರೆಯೇ? ಹೌದು / ಇಲ್ಲ. ಸಿಮ್ರಾನಳ ಫಾರ್ಮಿನಲ್ಲಿ "ಇಲ್ಲ"ಕ್ಕೆ ಗುರುತು ಹಾಕಿದೆ. ಜನವರಿಯ ಎರಡು ಫಾರ್ಮಿನಲ್ಲೂ ಅದೇ. ಬೇರೆ ಊರಿನವರು ಕಣ್ಣು ಮುಚ್ಚಿ "ಹೌದು" ಗೀಚುತ್ತಾರಂತೆ. ಗೀಚಲಿ. ನನಗೆ ಸುಳ್ಳು ಬರೆಯಲು ಬರುವುದಿಲ್ಲ. ಕಾರಣ ಬರೆಯಲು ಜಾಗ ಇತ್ತು, ಬರೆಯಲಿಲ್ಲ. ಸುಗ್ಗಿಯಲ್ಲಿ "ಇಲ್ಲ" ಯಾಕೆಂದು ಬ್ಯಾಡಗಿಯಲ್ಲಿ ನಾಯಿಗೂ ಗೊತ್ತು.

2 ಮಾರ್ಚ್, ಗುರುವಾರ

ಸಿಟ್ಟು ಇನ್ನೂ ಇಳಿದಿಲ್ಲ.

ಸಂಸ್ಥೆಯ ಸೂಪರ್‌ವೈಸರ್ ಮಾಲತೇಶ ಮೋಟರ್‌ಸೈಕಲ್ ಮೇಲೆ ಬಂದ. ಇಪ್ಪತ್ತೈದರ ಹುಡುಗ, ಇಸ್ತ್ರಿ ಅಂಗಿ, ಕೈಯಲ್ಲಿ ಫೈಲು. ಒಂದು ಪತ್ರ ಕೊಟ್ಟ. "ಕು. ಸಿಮ್ರಾನ: ತಾಯಿಯ ನಿರ್ಲಕ್ಷ್ಯ ಕಂಡುಬಂದಿರುವುದರಿಂದ ಸಂಸ್ಥೆಯ ರಾಣೆಬೆನ್ನೂರು ಹಾಸ್ಟೆಲಿಗೆ ಸೇರಿಸಲು ಶಿಫಾರಸು." ಇಪ್ಪತ್ತನೇ ತಾರೀಕು ಪುರಸಭೆಯ ಸಮಿತಿ ಸೇರಿ ತೀರ್ಮಾನಿಸುತ್ತದೆ.

"ನಿರ್ಲಕ್ಷ್ಯ ಅಂತ ಯಾರ್ ಹೇಳಿದ್ರಿ ನಿಮಗ?" ಎಂದೆ.

"ನೀವ ಹೇಳೀರಲ್ಲರೀ ಮೇಡಂ. ಸತತ ಮೂರು ಫಾರ್ಮಿನಾಗ 'ಇಲ್ಲ' ಬಂದ್ರ ಹಂಗ ಹಿಡಿಯೂದು. ನಿಯಮ ಐತಿ."

ಫೈಲು ತೆರೆದು ತೋರಿಸಿದ. ನನ್ನದೇ ಅಕ್ಷರ. ನನ್ನದೇ ಸಹಿ, ದ್ಯಾಮವ್ವ ಅಂತ ದುಂಡಗೆ. ಬ್ಯಾಡಗಿಯ ನಾಯಿಗೆ ಗೊತ್ತಿದ್ದದ್ದು ರಾಣೆಬೆನ್ನೂರಿನ ಆಫೀಸಿಗೆ ಗೊತ್ತಿರಲಿಲ್ಲ. ಗೊತ್ತು ಮಾಡಬೇಕಾದವಳು ನಾನು.

ಮೆಣಸಿನಕಾಯಿಯ ಮಾತು ಹೇಳಿದೆ. ಅವನು ಬಹಳ ಸಹಜವಾಗಿ, "ಗ್ಲೌಸ್ ಹಾಕ್ಕೊಂಡು ಬಿಡಸಾಕ ಹೇಳ್ರಲ್ಲ" ಎಂದ. ಗ್ಲೌಸ್ ಹಾಕಿದ ಬೆರಳಿಗೆ ತೊಟ್ಟು ಸಿಗುವುದಿಲ್ಲ, ಸಂಜೆವರೆಗೆ ಅರ್ಧ ಚೀಲವೂ ಆಗುವುದಿಲ್ಲ ಎಂದು ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ. ಕೊನೆಗೆ ಜೇಬಿನಿಂದ ವೈಟ್ನರ್ ತೆಗೆದ.

"ಒಂದರಾಗ 'ಹೌದು' ಮಾಡಿಬಿಡ್ರಿ. ನಾ ನೋಡಿಲ್ಲ ಅಂತೇನಿ. ಕೇಸ್ ಅಲ್ಲಿಗೇ ಮುಗೀತು."

ಕೆಟ್ಟವನಲ್ಲ. ಅದೇ ಇನ್ನಷ್ಟು ಸಿಟ್ಟು ತರಿಸಿತು. ವೈಟ್ನರ್ ಅವನ ಜೇಬಿಗೇ ಹಾಕಿ ಕಳಿಸಿದೆ.

3 ಮಾರ್ಚ್

ಇವರು (ಗಂಡನ ಹೆಸರು ಬರೆಯಲೂ ಕೈ ಬರುವುದಿಲ್ಲ ನನಗೆ) ಹೊಲಿಗೆ ಮಷಿನ್ ನಿಲ್ಲಿಸಿ ಕೇಳಿದರು, "ಹೌದು ಅಂತ ಬರದಿದ್ರ ನಿನ್ನ ಪೆನ್ನಿನ ಮೂಗು ಮುರೀತಿತ್ತೇನು?"

ಮುರಿಯುತ್ತಿರಲಿಲ್ಲ. ಹುಡುಗಿ ತಾಯಿಯ ಬಳಿ ಉಳಿಯುತ್ತಿದ್ದಳು. ಮೇ ತಿಂಗಳ ಹೊತ್ತಿಗೆ ಹಿಮ್ಮಡಿ ಮೂರು ಬೆರಳು ಮೇಲೆ ಹೋಗಿರುತ್ತಿತ್ತು, ಕಾಗದದಲ್ಲಿ ಮಾತ್ರ ಎಲ್ಲ ಚೆನ್ನ. ಹಾಸ್ಟೆಲಿಗೆ ಹೋದರೆ ಕಾಲು ದಿನಾ ಎಳೆಯುತ್ತಾರೇನೋ, ಆದರೆ ಅವ್ವ? ಎರಡೂ ಬೇಡ. ಹುಡುಗಿಯೂ ಇಲ್ಲೇ ಇರಬೇಕು, ಕಾಲೂ ಎಳೆಯಬೇಕು.

ಹೇಗೆ ಅಂತ ಮಾತ್ರ ಗೊತ್ತಿಲ್ಲ.

4 ಮಾರ್ಚ್, ಶನಿವಾರ

ಸಕೀನಾಬಿಗೆ ಹೇಳಲೇಬೇಕಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಹೋದೆ. ಗೋದಾಮಿನಲ್ಲಿ ಯಾರೂ ಕೈಯಲ್ಲಿ ಉಣ್ಣುವುದಿಲ್ಲ, ಚಮಚ. ಪತ್ರ ಓದಿದೆ.

"ನಿರ್ಲಕ್ಷ್ಯ ಅಂದ್ರ ಏನ್ರೀ ಅಕ್ಕಾರ?"

"ಮಗಳ ಕಡೆ ಲಕ್ಷ್ಯ ಇಲ್ಲ ಅಂತ."

ಚಮಚ ಕೆಳಗಿಟ್ಟಳು. ಎರಡೂ ಅಂಗೈ ನನ್ನ ಮುಂದೆ ಚಾಚಿದಳು. ಕೆಂಪಗೆ, ಬಿರಿದು, ಉಗುರಿನ ಸಂದಿಯಲ್ಲಿ ಬಣ್ಣ ಕೂತು...

"ಆಕಿಗಿ ಎರಡು ವರ್ಷ ಇದ್ದಾಗ ಒಮ್ಮಿ ಮರ್ತು ಕಣ್ಣಾಗಿನ ಪಿಸರ ತಗದೆ. ಬೆಳತನಕ ಚೀರ್‍ಯಾಳ ನನ್ನ ಮಗಳು. ಅವತ್ತಿನಿಂದ ಸುಗ್ಗಿಯಾಗ ಆಕಿ ಮಾರಿ ಮುಟ್ಟಿಲ್ಲರೀ ನಾ. ಈ ವರ್ಷನೂ ಎರಡು ತಿಂಗಳಾತು ಗಲ್ಲ ಸವರಿಲ್ಲ. ಅದನ್ನ ಬರದೀರೇನು ನಿಮ್ಮ ಕಾಗದದಾಗ?"

ಬರೆದಿಲ್ಲ. ಹಾಗೆಂದೇ ಹೇಳಿದೆ. ತಪ್ಪು ನನ್ನದು ಎಂದೂ ಹೇಳಿದೆ.

"ತಪ್ಪು ಕಟಗೊಂಡು ಏನ್ ಮಾಡ್ಲಿ?" ಎಂದಳು. "ನನ್ನ ಮಗಳನ್ನ ಕೊಡೂದಿಲ್ಲ. ಅದನ್ನ ಬರೀರಿ."

6 ಮಾರ್ಚ್, ಸೋಮವಾರ

ದಾರಿ ಸಿಕ್ಕಿತು! ಸಿಕ್ಕಿದ್ದು ನನಗಲ್ಲ, ಮರಿಯವ್ವನಿಗೆ. ಅವಳ ಮಗಳು ಮೇಘಾಳೂ ನನ್ನ ಪಟ್ಟಿಯವಳೇ, ಮೂರು ವರ್ಷ, ಇನ್ನೂ ಕುತ್ತಿಗೆ ನಿಂತಿಲ್ಲ.

ಇಂದು ಹೋದಾಗ ಮರಿಯವ್ವ ಕಾಯಿ ಮುಟ್ಟದೆ ಕಸಬರಿಗೆ ಹಿಡಿದು ಓಡಾಡುತ್ತಿದ್ದಳು. ರಾತ್ರಿ ಮಜ್ಜಿಗೆಯಲ್ಲಿ ಕೈ ಅದ್ದಿ, ಎಣ್ಣೆ ಹಚ್ಚಿ ಮಲಗಿದ್ದಳಂತೆ. ಬೆಳಗ್ಗೆ ಎದ್ದು ನಾಲಿಗೆಗೆ ಬೆರಳು ಹಚ್ಚಿ ನೋಡಿದ್ದಾಳೆ. ಖಾರ ಇಲ್ಲ!

"ಇವತ್ತ ನನ್ನ ಕೈ ತಣ್ಣಗ ಅದಾವರೀ ಅಕ್ಕಾರ. ನನ್ನ ಪಾಲಿನ ಗುಡ್ಡಿ ಇವರೆಲ್ಲಾ ಹಂಚ್ಕೊಂಡು ಬಿಡಸ್ತಾರ. ನೀವು ತೋರಸ್ರಿ, ಇಬ್ಬರದೂ ಕಾಲ್ ನಾ ಎಳೀತೇನಿ. ಮುಂಜಾನೆ ಮನಿಯಾಗ ಹೊತ್ತ ಸಿಗೂದಿಲ್ಲ, ಇಲ್ಲೇ ಪಾಳಿ ಹಚ್ಚೂಣು. ನಾಳೆ ಸಕೀನಾಳ ಪಾಳಿ. ನಾಡದು ಮತ್ತೊಬ್ಬಾಕಿ."

ಇಬ್ಬರು ಸಾಲುವುದಿಲ್ಲ ಎಂದೆ. ಗುಡ್ಡೆಯ ಆಚೆಯಿಂದ ಒಂದು ದನಿ, "ನಾನೂ ಬರ್ತೇನಿ." ಇನ್ನೊಂದು. ಮತ್ತೊಂದು. ಹನ್ನೆರಡು ಮಂದಿ ಆದರು! ಅದರಲ್ಲಿ ಹತ್ತು ಮಂದಿಯ ಮಕ್ಕಳಿಗೆ ಏನೂ ಆಗಿಲ್ಲ, ಶಾಲೆಗೆ ಓಡಿಕೊಂಡು ಹೋಗುತ್ತಾರೆ. ಯಾಕೆ ಬಂದಿರಿ ಎಂದು ಕೇಳಲಿಲ್ಲ. ಬಂದರು.

7 ಮಾರ್ಚ್

ನಾನು ಹೋಗುವ ದಿನವಲ್ಲ. ಆದರೂ ಹೋದೆ. ಸಕೀನಾಬಿಯ ತಣ್ಣನೆ ಕೈಯ ದಿನ.

ಕಾಲು ಎಳೆದಳು, ನಾನು ಹೇಳಿಕೊಟ್ಟ ಹಾಗೆಯೇ, ಎಣಿಸುತ್ತ. ಮುಗಿದ ಮೇಲೆ ಬೆರಳು ನಾಲಿಗೆಗೆ ಹಚ್ಚಿ ನೋಡಿದಳು. ಇನ್ನೊಮ್ಮೆ ನೋಡಿದಳು. ಆಮೇಲೆ ಮಗಳ ಗಲ್ಲದ ಮೇಲೆ ಕೈ ಇಟ್ಟಳು. ಸಿಮ್ರಾನ ಮೊದಲು ಕಣ್ಣು ಗಟ್ಟಿ ಮುಚ್ಚಿಕೊಂಡಿತು. ಅಭ್ಯಾಸ. ಏನೂ ಉರಿಯದಾಗ ಒಂದು ಕಣ್ಣು ತೆರೆದು, "ಅಮ್ಮೀ, ಇನ್ನೊಂದ್ ಗಲ್ಲನೂ ಐತಿ" ಎಂದಿತು.

ನಾನು ಎದ್ದು ನೀರು ಕುಡಿಯಲು ಹೋದೆ. ಬಾಯಾರಿಕೆ ಏನೂ ಇರಲಿಲ್ಲ.

14 ಮಾರ್ಚ್, ಮಂಗಳವಾರ

ಹೊಸ ತಂಟೆ.

ಅಂದಾನೆಪ್ಪನವರು ಗೇಟಿನಲ್ಲಿ ನಿಂತು ಕೂಗಾಡಿದರು. "ಗೋದಾಮಿನಾಗ ಹುಡುಗ್ರು ಕಂಡ್ರ ಲೇಬರ್ ಇನ್ಸ್‌ಪೆಕ್ಟರ್ ನನ್ನ ಕೊಳ್ಳಿಗೆ ಬೀಳ್ತಾನ. ನಾಳಿಂದ ಒಂದ್ ಕೂಸು ಒಳಗ ಬರಬಾರದು." ಇವರೇ ಪುರಸಭೆ ಸದಸ್ಯರು, ಇಪ್ಪತ್ತನೇ ತಾರೀಕಿನ ಸಮಿತಿಯಲ್ಲೂ ಇವರೇ. ಇವರನ್ನು ಎದುರು ಹಾಕಿಕೊಂಡರೆ ಅಲ್ಲೂ ಕೆಟ್ಟೆವು, ಇಲ್ಲೂ ಕೆಟ್ಟೆವು. ಹೆಂಗಸರು ನನ್ನ ಮುಖ ನೋಡಿದರು.

ಕೆಟ್ಟರೆ ಕೆಡಲಿ ಎಂದೆ.

16 ಮಾರ್ಚ್, ಗುರುವಾರ

ನಿನ್ನೆ ಕಾಲು ಎಳೆದದ್ದು ಗೇಟಿನ ಹೊರಗೆ, ಬಿಸಿಲಲ್ಲಿ. ಇಂದು ಮಾರುಕಟ್ಟೆಯ ದಿನ. ಮೂರು ಲಾರಿ ಒಳಗೆ ಕಾಯುತ್ತಿದ್ದವು. ಬೆಳಗ್ಗೆ ಎಂಟಕ್ಕೆ ಹನ್ನೆರಡೂ ಮಂದಿ ಗೇಟಿನ ಹೊರಗೆ ಗೋಣಿಚೀಲ ಹಾಸಿ ಕೂತರು. ಒಂಬತ್ತಕ್ಕೆ ಅರವತ್ತೂ ಮಂದಿ. ಯಾರೂ ಘೋಷಣೆ ಕೂಗಲಿಲ್ಲ. ತಣ್ಣನೆ ಕೈಯವಳು ಮಧ್ಯೆ ಕೂತು ಕಾಲು ಎಳೆಯುತ್ತಿದ್ದಳು, ಸಿಮ್ರಾನ ದೊಡ್ಡ ದನಿಯಲ್ಲಿ ಲೆಕ್ಕ ಹೇಳುತ್ತಿದ್ದಳು. ಹದಿನೇಳು, ಹದಿನೆಂಟು, ಇಪ್ಪತ್ತು... ಹತ್ತೊಂಬತ್ತು ಯಾವಾಗಲೂ ಅವಳಿಗೆ ಸಿಗುವುದಿಲ್ಲ. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು.

ಹನ್ನೆರಡಕ್ಕೆ ಅಂದಾನೆಪ್ಪನವರು ಹೊರಗೆ ಬಂದರು.

"ಏನವಾ ದ್ಯಾಮವ್ವ, ನನ್ನ ಮಾನ ತಗೀಬೇಕಂತ ಮಾಡೀಯೇನು?"

"ನಿಮ್ಮ ಮಾನ ಒಳಗ ಐತ್ರಿ, ಲಾರಿ ಪಕ್ಕ. ನಾವು ಹೊರಗ ಕುಂತೇವಿ."

ಎಲ್ಲರೂ ನಕ್ಕರು. ಅವರಿಗೆ ನಗು ಬರಲಿಲ್ಲ. ಮರಿಯವ್ವ ಎದ್ದು ನಿಂತಳು. "ಹುಡುಗ್ರು ದುಡಿಯಾಕ ಬಂದಿಲ್ಲರೀ ಸಾವ್ಕಾರ. ನೆಟ್ಟಗ ನಿಲ್ಲಾಕ ಬಂದಾವು. ಇನ್ಸ್‌ಪೆಕ್ಟರ್ ಬಂದ್ರ ನಾನ ಹೇಳ್ತೇನಿ."

ಅವರು ಲಾರಿ ಕಡೆ ನೋಡಿದರು, ಆಕಾಶ ನೋಡಿದರು. ಕೊನೆಗೆ ಸಿಮ್ರಾನಳನ್ನು ನೋಡಿದರು. ಅವಳು ಮತ್ತೆ ಹತ್ತೊಂಬತ್ತು ಬಿಟ್ಟು ಇಪ್ಪತ್ತು ಅಂದಳು.

"ಹತ್ತೊಂಬತ್ತ ಎಲ್ಲಿ ಹೋತಲೇ?" ಎಂದು ಗದರಿಸಿ ಒಳಗೆ ಹೋದರು. ಬೇವಿನ ಮರದ ಕಡೆಯ ಸಣ್ಣ ಗೇಟಿನ ಬೀಗ ತೆಗೆಯಲು ಆಳಿಗೆ ಹೇಳಿದ್ದು ಕಿವಿಗೆ ಬಿತ್ತು.

20 ಮಾರ್ಚ್, ಸೋಮವಾರ

ಸಮಿತಿ ಸಭೆ. ಸಕೀನಾಬಿ, ಮರಿಯವ್ವ, ನಾನು. ಸಿಮ್ರಾನ ಅವ್ವನ ಮೊಣಕೈಯಲ್ಲಿ. ಇಂದು ತಣ್ಣನೆ ಕೈ ಬೇರೆಯವಳದು.

ಮಾಲತೇಶ ಹೊಸ ಫಾರ್ಮನ್ನು ಮೇಜಿನ ಮೇಲಿಟ್ಟ. ನಾನು ಹದಿನೈದನೇ ತಾರೀಕು ಕಳಿಸಿದ್ದು. ಪ್ರಶ್ನೆ ನಾಲ್ಕಕ್ಕೆ ಹೌದೂ ಹಾಕಿರಲಿಲ್ಲ, ಇಲ್ಲವೂ ಹಾಕಿರಲಿಲ್ಲ. ಅಚ್ಚಾಗಿದ್ದ "ತಾಯಿ" ಹೊಡೆದು ಹಾಕಿ ಹನ್ನೆರಡು ಹೆಸರು ಬರೆದಿದ್ದೆ. "ಮನೆ" ಹೊಡೆದು "ಗೋದಾಮಿನ ಬೇವಿನ ಮರ". ಕಾರಣ ಬರೆಯುವ ಜಾಗದಲ್ಲಿ ಈ ಸಲ ಹಿಂದೆ ಮುಂದೆ ಎರಡು ಪುಟ.

"ಅಚ್ಚಾದ ಫಾರ್ಮ್ ತಿದ್ದಾಕ ಮೇಡಂಗೆ ಅಧಿಕಾರ ಇಲ್ಲರೀ" ಎಂದ. "ಇದು ಮನಿನೂ ಅಲ್ಲ, ಮಾಡಿದವರು ತಾಯಿನೂ ಅಲ್ಲ. ಹಾಸ್ಟೆಲ್‌ನಾಗಾದ್ರ ದಿನಾ ವ್ಯಾಯಾಮ ಆಗ್ತದ."

"ಇಲ್ಲೂ ದಿನಾ ಆಗಾಕತ್ತೈತಿ" ಎಂದೆ. "ಆರನೇ ತಾರೀಕಿನಿಂದ ಇವತ್ತಿನ ತನಕ ಒಂದ್ ದಿನ ತಪ್ಪಿಲ್ಲ. ಬೇಕಾದ್ರ ಅಳೀರಿ."

ಸಿಮ್ರಾನಳನ್ನು ಸಭೆಯ ನೆಲದ ಮೇಲೇ ನಿಲ್ಲಿಸಿದೆ. ಅಧ್ಯಕ್ಷರು ಕುರ್ಚಿಯಿಂದ ಬಗ್ಗಿ ನೋಡಿದರು. ಹಿಮ್ಮಡಿಯ ಕೆಳಗೆ ಎರಡು ಬೆರಳು ಹೋಗುತ್ತಿದ್ದಲ್ಲಿ ಎರಡನೆಯದು ಸಿಕ್ಕಿಹಾಕಿಕೊಂಡಿತು. ಅಷ್ಟೇ. ಎರಡು ವಾರಕ್ಕೆ ಅಷ್ಟೇ. ಹೆಚ್ಚು ಹೇಳಲು ನನಗೂ ಆಸೆಯಿತ್ತು, ಹೇಳಲಿಲ್ಲ.

ಹಾಸ್ಟೆಲಿಗೆ ಕಳಿಸುವ ಒಪ್ಪಿಗೆ ಪತ್ರ, ಇಂಕ್ ಪ್ಯಾಡು ಸಕೀನಾಬಿಯ ಮುಂದೆ ಬಂತು. ಅವಳು ಎರಡೂ ಕೈ ಹಿಂದೆ ಕಟ್ಟಿಕೊಂಡಳು. "ಹೆಬ್ಬೆಟ್ಟು ಒತ್ತೂದಿಲ್ಲರೀ. ನಿರ್ಲಕ್ಷ್ಯ ಅನ್ನೂದ ಮೊದಲ ಹೊಡದ್ ಹಾಕ್ರಿ."

ಅಂದಾನೆಪ್ಪನವರು ಕೆಮ್ಮಿದರು.

"ನಮ್ಮವ್ವನೂ ತೊಟ್ಟು ಬಿಡಿಸಿದಾಕಿ" ಎಂದರು, ನನ್ನ ಕಡೆ ನೋಡದೆ. "ಸುಗ್ಗಿಯಾಗ ಒಂದ್ ದಿನ ನನಗ ತುತ್ತು ಮಾಡಿ ಉಣಿಸಿಲ್ಲ. ನಮ್ಮಜ್ಜಿ ಉಣಸ್ತಿದ್ಲು. ಹಂಗಂತ ಅವ್ವಗ ನಿರ್ಲಕ್ಷ್ಯ ಅಂದ್ರ ನಾ ಸುಮ್ನಿರ್ತಿದ್ದಿಲ್ಲ... ಮುಂದಿನ ವಿಷಯ ತಗೋರಿ."

ಫೈಲು ವಾಪಸ್! ಹುಡುಗಿ ಇಲ್ಲೇ!

31 ಮಾರ್ಚ್, ಶುಕ್ರವಾರ

ನಿನ್ನೆ ಯುಗಾದಿಯ ಬೇವು ತಿಂದಿದ್ದೆ. ಇಂದು ಸಂಸ್ಥೆಯಿಂದ ಬಂದ ಪತ್ರ ಅದಕ್ಕಿಂತ ಕಹಿ.

"ಫಾರ್ಮಿನ ನಮೂನೆ ಬದಲಿಸಿದ್ದರಿಂದ ಹಾಗೂ ಸೇವೆಯನ್ನು ಮನೆಯ ಹೊರಗೆ ನೀಡಿದ್ದರಿಂದ ತಮ್ಮ ಆರ್ಡರ್ ಮುಂದುವರಿಸಲಾಗಿಲ್ಲ." ಹೊಸ ಟೆಂಡರ್ ಆಗಿ ಹೊಸಬರು ಬರುವುದು ಜೂನಿನಲ್ಲಿ. ಅಲ್ಲಿಯವರೆಗೆ ಹನ್ನೊಂದು ಮಕ್ಕಳಿಗೂ ಯಾರೂ ಇಲ್ಲ.

ಮಾಲತೇಶ ತಾನೇ ತಂದುಕೊಟ್ಟ. ತಲೆ ಎತ್ತಲಿಲ್ಲ. "ನಾ ಹೇಳಿ ನೋಡಿದ್ನಿರಿ ಮೇಡಂ" ಎಂದ. ಇರಬಹುದು. ಚಹಾ ಕೊಟ್ಟೆ, ಕುಡಿದು ಹೋದ.

ಇವರು ಮಷಿನ್ ನಿಲ್ಲಿಸಲಿಲ್ಲ. ತುಳಿಯುತ್ತಲೇ ಕೇಳಿದರು, "ಈಗ?"

ಅತ್ತುಬಿಟ್ಟೆ. ಅಡಗಿಸಿಡುವುದೇಕೆ. ಒಲೆ ಮುಂದೆ ಕೂತು ಅತ್ತೆ. ಹನ್ನೊಂದು ಮಕ್ಕಳ ಕಾಲು ಎಷ್ಟು ಬೆರಳು ಮೇಲಿದೆ ಎಂದು ನನಗೆ ಮಾತ್ರ ಗೊತ್ತು. ಆಮೇಲೆ ಅನ್ನಿಸಿತು, ಆರ್ಡರಿಗೂ ಕಾಲಿಗೂ ಏನು ಸಂಬಂಧ?

3 ಏಪ್ರಿಲ್, ಸೋಮವಾರ

ಅಂದಾನೆಪ್ಪನವರ ಗೋದಾಮಿನಲ್ಲಿ ಸೇರಿಕೊಂಡೆ. ತೊಟ್ಟು ಬಿಡಿಸಲು. "ನೀನಾ? ಅಕ್ಕಾರು ಆಗಿ?" ಎಂದರು. ಹೌದ್ರಿ, ನಾನೇ ಎಂದೆ. ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ಉಳಿದ ಮಕ್ಕಳ ಮನೆಗಳು, ದಿನಕ್ಕೆ ಮೂರರಂತೆ, ರಾತ್ರಿ ಮಜ್ಜಿಗೆಯಲ್ಲಿ ಅದ್ದಿದ ಕೈ ಮತ್ತೆ ಖಾರವಾಗುವ ಮೊದಲು. ಒಂಬತ್ತಕ್ಕೆ ಗೋದಾಮು. ಇನ್ನು ಬೀಗ ನೋಡುವ ಶಾಸ್ತ್ರ ಇಲ್ಲ.

5 ಏಪ್ರಿಲ್, ಬುಧವಾರ. ಸಂಜೆ ಏಳು

ಮೂರು ದಿನಕ್ಕೇ ಅಂಗೈಯಲ್ಲಿ ಒಲೆ ಹೊತ್ತಿದೆ. ಮಧ್ಯಾಹ್ನ ಬೆವರು ಒರೆಸಲು ಹೋಗಿ ಕಣ್ಣಿಗೇ ಬೆರಳು ಹಾಕಿದೆ! ಊರಿಗೆಲ್ಲ ಬುದ್ಧಿ ಹೇಳಿದವಳು. ಸಕೀನಾಬಿ ಮುಖಕ್ಕೆ ನೀರು ಎರಚುತ್ತ ಬಿದ್ದು ಬಿದ್ದು ನಕ್ಕಳು. ಸಿಮ್ರಾನಳಿಗಂತೂ ಹಬ್ಬ. ಇವತ್ತು ಹತ್ತೊಂಬತ್ತು ಸಿಕ್ಕಿತು ಅವಳಿಗೆ.

ಹಿಮ್ಮಡಿ ಒಂದೂವರೆ ಬೆರಳು. ದೀಪಾವಳಿಯಲ್ಲಿ ಇದ್ದಷ್ಟು.

ಹದಿನೈದು ದಿನದ ಫಾರ್ಮು ಯಾರೂ ಕೇಳುವುದಿಲ್ಲ ಈಗ. ಆದರೂ ಇಲ್ಲಿ ಬರೆದಿಡುತ್ತೇನೆ. ಇದು ನನ್ನ ನೋಟ್‌ಬುಕ್ಕು, ಇದನ್ನು ತಿದ್ದಲು ನನಗೆ ಅಧಿಕಾರ ಉಂಟು. ಪ್ರಶ್ನೆ ನಾಲ್ಕು. ಮಗುವಿಗೆ ಪ್ರತಿದಿನ ಕೈಯಾರೆ ವ್ಯಾಯಾಮ ಮಾಡಿಸಿದ್ದಾರೆಯೇ?

ಹೌದು. ಹೌದು. ಹನ್ನೆರಡು ಮಂದಿ. ನಾಳೆಯಿಂದ ಹದಿಮೂರು. ನಾಳೆ ತಣ್ಣನೆ ಕೈ ನನ್ನದು, ಬೆಳಗಾಗುವುದರೊಳಗೆ ಉರಿ ಇಳಿಯಬೇಕು. ಪೆನ್ನು ಹಿಡಿಯಲು ಆಗುತ್ತಿಲ್ಲ, ಇವರು ಬೋಗುಣಿಯಲ್ಲಿ ಮಜ್ಜಿಗೆ ತಂದಿಟ್ಟು ಕರೆಯುತ್ತಿದ್ದಾರೆ, ಕೈ ಅದ್ದಿ